ಅದು ಮಕ್ಕಳಾಟವಲ್ಲ

ತನ್ನ ಮಗನನ್ನು ಸಹಪಾಠಿಗಳು ದಿನವೂ ಪೀಡಿಸುತ್ತಾರೆಂದು ತಾಯಿಯೊಬ್ಬಳು ದೂರಿಕೊಂಡರೆ ಹಿರಿಯರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: “ಹುಡುಗರಂದ ಮ್ಯಾಲ ಅಷ್ಟು ಇರೂದ ಬಿಡ್ರಿ.” ವಿಜಯಪುರ ನಗರದಲ್ಲೂ ತಿಕೋಟಾ, ಬಬಲೇಶ್ವರಗಳಲ್ಲೂ ಈ ಮಾತು ಸಾಮಾನ್ಯ. ಆದರೆ ಇದು ಸಮಾಧಾನದ ಮಾತಲ್ಲ, ಹೊಣೆಯಿಂದ ಜಾರಿಕೊಳ್ಳುವ ಮಾತು.

ಆಟದಲ್ಲಿ ಇಬ್ಬರೂ ನಗುತ್ತಾರೆ. ಪೀಡನೆಯಲ್ಲಿ ಹಲವರು ನಗುತ್ತಾರೆ, ಒಬ್ಬನು ಅಳುತ್ತಾನೆ. 1970ರ ದಶಕದಿಂದ ಈ ವಿಷಯವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇದರ ಮೂರು ಲಕ್ಷಣಗಳನ್ನು ಗುರುತಿಸಿದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಎದುರು ನಿಲ್ಲಲಾರದವನನ್ನು ನೋಯಿಸುವುದು. ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದೇ ತಿಂಗಳಲ್ಲಿ ಇದನ್ನು ಅನುಭವಿಸಿದ್ದರೆಂದು ಯುನೆಸ್ಕೋ 2019ರಲ್ಲಿ ವರದಿ ಮಾಡಿತು. ನಮ್ಮ ಸೀಮೆಯ ತಾಂಡಾಗಳಿಂದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಮಹಾರಾಷ್ಟ್ರ, ಗೋವೆಗಳಿಗೆ ಹೋಗುತ್ತವೆ. ಅಲ್ಲಿಂದ ಮರಳಿ ಏಳನೆಯ ತರಗತಿಯಲ್ಲಿ ಕುಳಿತ ಮಗುವಿನ ಭಾಷೆ, ಮೈಬಣ್ಣ, ಮಾಸಿದ ಸಮವಸ್ತ್ರಗಳೇ ಗೇಲಿಯ ವಸ್ತುಗಳಾದರೆ, ಆ ಮಗು ಶಾಲೆಗೆ ಮತ್ತೆ ಬಂದೀತೇ?

ಆದಿಕಾಂಡದ ಜೋಸೆಫನನ್ನು ನೆನೆಯೋಣ. ಹದಿನೇಳರ ಹರೆಯದ ತಮ್ಮನನ್ನು ನೀರಿಲ್ಲದ ಬಾವಿಗೆ ತಳ್ಳಿದ ಅಣ್ಣಂದಿರು ಅಲ್ಲಿಯೇ ಊಟಕ್ಕೆ ಕುಳಿತರು! ರೂಬೇನನ ಮನಸ್ಸಿನಲ್ಲಿ ಕರುಣೆಯಿತ್ತು, ಆಮೇಲೆ ಬಿಡಿಸಿದರಾಯಿತೆಂದುಕೊಂಡ. ಆತ ಹಿಂದಿರುಗಿದಾಗ ಬಾವಿ ಬರಿದಾಗಿತ್ತು. ತಳ್ಳುವವರು ಕೆಲವರು, ಊಟಕ್ಕೆ ಕುಳಿತವರು ಮತ್ತು ತಡವಾಗಿ ಬರುವವರು ನಾವೆಲ್ಲರೂ.

“ಇದರಿಂದ ಮಕ್ಕಳು ಗಟ್ಟಿಯಾಗುತ್ತಾರೆ, ಜೋಸೆಫನೂ ಮುಂದೆ ದೊಡ್ಡ ಅಧಿಕಾರಿಯಾಗಲಿಲ್ಲವೇ?” ಎನ್ನುವವರುಂಟು. ಅದು ಸರ್ವೇಶ್ವರನ ಕೃಪೆಯೇ ಹೊರತು ಬಾವಿಯ ಉಪಕಾರವಲ್ಲ.

ಹಾಗಾದರೆ ಪೀಡಿಸುವ ಹುಡುಗನಿಗೆ ನಾಲ್ಕು ಏಟು ಬಿಗಿದರೆ ಸಾಕೇ? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯಿದೆಯನ್ನು ಬದಿಗಿಟ್ಟರೂ, ಬಲವುಳ್ಳವನು ಬಲಹೀನನನ್ನು ಹೊಡೆಯಬಹುದೆಂಬ ಪಾಠವನ್ನೇ ಬೆತ್ತವು ಮತ್ತೊಮ್ಮೆ ಕಲಿಸುತ್ತದೆ. ಆ ಪಾಠವನ್ನು ಅವನು ಮನೆಯಲ್ಲಿಯೇ ಕಲಿತಿರಲೂಬಹುದು. ಯಕೋಬನು ಒಬ್ಬನೇ ಮಗನಿಗೆ ಅಂದದ ನಿಲುವಂಗಿ ತೊಡಿಸಿದ ದಿನವೇ ಆ ಮನೆಯಲ್ಲಿ ದ್ವೇಷ ಬೇರೂರಿತಲ್ಲವೇ?

ನಮ್ಮ ಧರ್ಮಸಭೆಯ ಶಾಲೆಗಳಿಗೂ ಒಂದು ಮಾತು: ಸಂಸ್ಥೆಯ ಹೆಸರು ಕೆಡುವುದೆಂದು ದೂರುಗಳನ್ನು ಮುಚ್ಚಿಡುವುದು ಬಾವಿಯ ಬಾಯಿಗೆ ಚಪ್ಪಡಿ ಎಳೆದಂತೆ. ಶಾಲೆ ಕೇಳದಿದ್ದರೆ ಪಾಲಕರು ಸುಮ್ಮನಿರಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ.

ಪ್ರಿಯ ಪಾಲಕರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಅಂಕಗಳ ವಿಚಾರ ಬಿಟ್ಟು ಒಂದೇ ಪ್ರಶ್ನೆ ಕೇಳಿರಿ: “ನಿಮ್ಮ ತರಗತಿಯಲ್ಲಿ ಇವತ್ತು ಒಬ್ಬನೇ ಕುಳಿತಿದ್ದವರು ಯಾರು? ನೀನು ಅವನ ಹತ್ತಿರ ಹೋದೆಯಾ?” ಎಂದು. ಹೋಗದಿದ್ದರೆ ನಾಳೆ ಹೋಗಲು ಹೇಳಿರಿ. ಬಾವಿ ಬರಿದಾದ ಮೇಲೆ ಬಟ್ಟೆ ಹರಿದುಕೊಂಡು ಅತ್ತ ರೂಬೇನನ ಪಶ್ಚಾತ್ತಾಪ ನಮ್ಮ ಮನೆಗಳಿಗೆ ಬಾರದಿರಲಿ.