ಜೆಸಿಬಿಗೆ ಗೊತ್ತಿರುವ ಡ್ರ್ಯಾಗ್ ರೇಸ್ ವಿದ್ಯೆ

ಔರಾದ್ ಕಡೆ ಮುರ್ರಂ ಗುಡ್ಡೆಗೆ ಬಕೆಟ್ ತೂರಿಸಿದ ಜೆಸಿಬಿ ಒಂದು ಕ್ಷಣ ಅಬ್ಬರಿಸುತ್ತದೆ, ಗಾಲಿ ಮಾತ್ರ ಕದಲುವುದಿಲ್ಲ. ಆದರೂ ಎಂಜಿನ್ ಬಂದ್ ಬೀಳುವುದಿಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇದೆ. ಎಂಜಿನ್ ಕಡೆಯ ಪಂಪ್ ಚಿಮ್ಮಿಸಿದ ಎಣ್ಣೆ ಎದುರಿಗಿರುವ ಗೇರಿನ ಕಡೆಯ ಟರ್ಬೈನನ್ನು ತಳ್ಳುತ್ತದೆ. ವಾಪಸ್ ಬರುವ ಎಣ್ಣೆಯ ದಿಕ್ಕನ್ನು ಸ್ಟೇಟರ್ ತಿರುಗಿಸಿ ಟಾರ್ಕನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ.

ಆಟೊಮ್ಯಾಟಿಕ್ ಡ್ರ್ಯಾಗ್ ರೇಸ್ ಕಾರು ಆರಂಭದ ಗೆರೆಯ ಮೇಲೆ ನಿಂತು ಮಾಡುವುದೂ ಇದನ್ನೇ. ಮೊದಲ ಗೇರು, ರಿವರ್ಸ್ ಗೇರು ಎರಡನ್ನೂ ಒಟ್ಟಿಗೆ ಹಾಕಿ ಕಾರನ್ನು ಕಟ್ಟಿಹಾಕುವ ಟ್ರಾನ್ಸ್‌ಬ್ರೇಕ್ ಹಿಡಿದು ಎಂಜಿನ್ ಏರಿಸಿ, ಹಸಿರು ದೀಪ ಹತ್ತಿದೊಡನೆ ಬಿಡುತ್ತಾರೆ. ನೇರ ಹಾದಿಯ ಈ ಓಟ ಕಾಲು ಮೈಲಿ, ಅಂದರೆ 402 ಮೀಟರ್. ಹೊರಡುವಾಗ ಉಪಕಾರ ಮಾಡಿದ ಎಣ್ಣೆ ಕೊನೆಗೆ ಕಾಟ ಕೊಡುತ್ತದೆ. ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಎಣ್ಣೆಯಲ್ಲಿ ಶೇ 5ರಷ್ಟು ಜಾರಿಹೋದರೂ ಗೇರ್‌ಬಾಕ್ಸಿಗೆ ದಕ್ಕುವುದು 6,650. ಆಗ ಲಾಕಪ್ ಕ್ಲಚ್ ಕಚ್ಚಿಕೊಂಡು ಪಂಪನ್ನೂ ಟರ್ಬೈನನ್ನೂ ಒಂದಾಗಿಸುತ್ತದೆ. ಬೇಗ ಕಚ್ಚಿದರೆ ಎಂಜಿನ್ ಮುಗ್ಗರಿಸುತ್ತದೆ. ದಿನಬಳಕೆಯ ಕಾರಿನ ತೆಳು ಕ್ಲಚ್ ಆದರೆ ಸುಟ್ಟೇ ಹೋದೀತು.

ಲಾಕಪ್ ಹುಟ್ಟಿದ್ದು ರೇಸಿಗಾಗಿ ಅಲ್ಲ. 1949ರಲ್ಲೇ ಪ್ಯಾಕರ್ಡ್ ಕಾರಿನಲ್ಲಿತ್ತು. ತೈಲ ಬಿಕ್ಕಟ್ಟಿನ ಬಳಿಕ, 1978ರಲ್ಲಿ, ಕ್ರೈಸ್ಲರ್ ಪೆಟ್ರೋಲ್ ಉಳಿಸಲು ಮತ್ತೆ ತಂದಿತು. ಬೀದರ್‌ನಿಂದ ಹೈದರಾಬಾದಿಗೆ ಆಟೊಮ್ಯಾಟಿಕ್ ಇನ್ನೋವಾ ಕ್ರಿಸ್ಟಾ ಓಡಿಸುವವರು ಗಮನಿಸಿರಬಹುದು: ಒಂದೇ ವೇಗದಲ್ಲಿ ಸಾಗುವಾಗ, ಗೇರು ಬದಲಾಗದೆಯೂ ಆರ್‌ಪಿಎಂ ಮುಳ್ಳು ತುಸು ಇಳಿಯುತ್ತದೆ. ಅದು ಲಾಕಪ್ ಕಚ್ಚಿಕೊಂಡ ಗುರುತು.

ಡ್ರ್ಯಾಗ್ ರೇಸಿನ ಕುತೂಹಲವನ್ನು ಹೆದ್ದಾರಿಯಲ್ಲಿ ತೀರಿಸಿಕೊಳ್ಳುವುದು ಶುದ್ಧ ಹುಚ್ಚಾಟ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅನುಮತಿಯಿಲ್ಲದ ರೇಸಿಗೆ ಮೊದಲ ಸಲವೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಹಾರಾಷ್ಟ್ರದ ಆಂಬಿ ವ್ಯಾಲಿಯಲ್ಲಿ ವಿಮಾನದ ರನ್‌ವೇ ಮೇಲೆ ಇಂಥ ಓಟ ನಡೆಸಿದ್ದು ಸುಮ್ಮನಲ್ಲ. ಓಡಲು 402 ಮೀಟರ್ ಸಾಕು, ನಿಲ್ಲಲು ಇನ್ನಷ್ಟು ಖಾಲಿ ರಸ್ತೆ ಬೇಕು. ಭಾಲ್ಕಿ ರಸ್ತೆಯಲ್ಲಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ?

ಹುಡುಗರ ಆಸಕ್ತಿಗೆ ಸರಿಯಾದ ಜಾಗ ವರ್ಕ್‌ಶಾಪ್. ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಂಥ ಕಡೆ ಕೊಯ್ದ ಕನ್ವರ್ಟರೊಂದು ಮೇಜಿನ ಮೇಲಿರಬೇಕು. ಕಾರಿನ ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿದ ಡಬ್ಬಿ. ಬೋಲ್ಟ್ ಬಿಚ್ಚಿದರೆ ಒಳಗಿನದು ಕಾಣದು, ಕೊಯ್ಯಲೇಬೇಕು. ಹೊಸದೇ ಆಗಬೇಕೆಂದಿಲ್ಲ, ಗುಜರಿ ಸೇರಿದ ಕಾರಿನದು ಸಾಕು. ಪಾಠ ಹೇಳಲು ಊರಿನ ಜೆಸಿಬಿ ಮೆಕ್ಯಾನಿಕ್‌ನನ್ನೂ ಒಂದು ದಿನ ಕರೆಸಲಿ.