ಒಡೆಯರು, ತಂಡ ಮತ್ತು ನಾವು

ತಂಡದ ಏಳುಬೀಳುಗಳನ್ನು ಕುರಿತು ಅಭಿಮಾನಿಯಾದವನು ಆಡುವ ಮಾತಿನಲ್ಲಿ ನ್ಯಾಯಕ್ಕಿಂತ ಮಮತೆಯೇ ಅಧಿಕವಾಗಿರುವುದು ಸ್ವಾಭಾವಿಕವಾದ್ದರಿಂದ, ಬೆಂಗಳೂರು ಎಫ್‌ಸಿಯ ವಿಷಯದಲ್ಲಿ ನನ್ನ ಮಾತನ್ನೂ ಓದುಗರು ಒಂದಷ್ಟು ಸೋಡಿ ಬಿಟ್ಟೇ ಸ್ವೀಕರಿಸತಕ್ಕದ್ದು. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) 2023-24ರ ಋತುವಿನಲ್ಲಿ ಹನ್ನೆರಡು ತಂಡಗಳ ನಡುವೆ ಹತ್ತನೆಯದಾಗಿ ನಿಂತು ನಮ್ಮನ್ನು ತಲೆ ತಗ್ಗಿಸುವಂತೆ ಮಾಡಿದ ತಂಡ, ಮರುವರ್ಷವೇ ಕೋಚ್ ಜೆರಾರ್ಡ್ ಝರಗೋಝಾರ ಶಿಕ್ಷಣದಲ್ಲಿ ಮೂರನೆಯ ಸ್ಥಾನಕ್ಕೇರಿ, ನಾಕೌಟಿನಲ್ಲಿ ಮುಂಬೈ ಸಿಟಿಯನ್ನು ಐದು ಗೋಲುಗಳಿಂದ ಹಣಿದು, ಸೆಮಿಫೈನಲಿನಲ್ಲಿ ಗೋವೆಯನ್ನೂ ದಾಟಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ನಡೆದ ಫೈನಲಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಮುನ್ನಡೆಯನ್ನೂ ಪಡೆದು, ಕಡೆಗೆ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಸೋತಿತು. ನಲವತ್ತು ವರ್ಷದ ಸುನಿಲ್ ಛೇತ್ರಿ ಆ ಒಂದೇ ಋತುವಿನಲ್ಲಿ 14 ಗೋಲು ಹೊಡೆದುದು ಆತನ ಕೀರ್ತಿಗೆ ಕಿರೀಟವಾದರೂ, ಆತನ ಸ್ಥಾನಕ್ಕೆ ತರುಣನೊಬ್ಬನನ್ನು ಈ ದೇಶ ಇನ್ನೂ ಸಿದ್ಧಪಡಿಸಿಲ್ಲವೆಂಬ ಕೊರಗಿಗೂ ಅದೇ ಸಾಕ್ಷಿ. ಇಷ್ಟಾಗಿಯೂ, ಗೆಲವು ಸೋಲುಗಳ ಈ ಲೆಕ್ಕ ನನ್ನ ನಿದ್ರೆಯನ್ನು ಕೆಡಿಸುವಂಥದಲ್ಲ; ಸೋಲದ ತಂಡವನ್ನು ಪ್ರೀತಿಸುವುದಕ್ಕೆ ಅಭಿಮಾನಿಯೇ ಬೇಕಿಲ್ಲ.

ನಿದ್ರೆ ಕೆಡಿಸಿದ್ದು ಆ ಫೈನಲ್ ಕಳೆದು ನಾಲ್ಕು ತಿಂಗಳೂ ತುಂಬುವ ಮೊದಲು ಬಂದ ಬೇರೊಂದು ಸುದ್ದಿ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ಲೀಗನ್ನು ನಡೆಸುವ ವಾಣಿಜ್ಯ ಸಂಸ್ಥೆಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷಗಳ ಒಪ್ಪಂದ ಮುಗಿಯುತ್ತ ಬಂದು, ಮುಂದಿನದು ಏನೆಂಬುದು ಇತ್ಯರ್ಥವಾಗದೆ ಉಳಿದದ್ದರಿಂದ, ಮೊದಲು ಲೀಗೇ ಅನಿಶ್ಚಿತವಾಯಿತು. ಅದರ ಹಿಂದೆಯೇ ಆಗಸ್ಟ್ ಮೊದಲ ವಾರದಲ್ಲಿ, ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯಲಾಗಿದೆಯೆಂದು ಕ್ಲಬ್ಬು ಪ್ರಕಟಿಸಿತು. ಆ ವರ್ಷ ಮುಗಿದರೂ ಲೀಗಿನ ಹೊಸ ಋತುವಿನ ಒಂದು ಪಂದ್ಯವೂ ನಡೆಯಲಿಲ್ಲ. ಆದಾಯದ ದಾರಿಯೇ ಮುಚ್ಚಿದಾಗ ಒಡೆಯನು ಖರ್ಚನ್ನು ಬಿಗಿಹಿಡಿಯುವುದು ವ್ಯವಹಾರದ ದೃಷ್ಟಿಯಿಂದ ಅಸಂಗತವೆನ್ನಲಾರೆ. ಆದರೆ ಹನ್ನೆರಡು ವರ್ಷ ನಾವು ನಮ್ಮದೆಂದು ಹಾಡಿ ಕೂಗಿದ ವಸ್ತುವಿನ ಅಸ್ತಿತ್ವ, ನಾವಾರೂ ಕುಳಿತಿರದ ಕೋಣೆಗಳಲ್ಲಿ ಎರಡು ಮೂರು ಸಹಿಗಳ ಮೇಲೆ ನಿಂತಿತ್ತೆಂಬುದು ಆ ದಿನ ಸ್ಪಷ್ಟವಾಯಿತು.

ಒಡೆಯರನ್ನು ಹಳಿಯುವುದು ಸುಲಭ. ನಮ್ಮ ವಿಷಯದಲ್ಲಿ ಅದು ಕೃತಘ್ನತೆಯೂ ಆದೀತು. ಜೆಎಸ್‌ಡಬ್ಲ್ಯೂ ಸಮೂಹ 2013ರಲ್ಲಿ ಈ ತಂಡವನ್ನು ಕಟ್ಟಿದಾಗ, ಕಬ್ಬನ್ ಪಾರ್ಕಿನ ಬಳಿಯ ಕಂಠೀರವದಲ್ಲಿ ಫುಟ್‌ಬಾಲಿಗೆ ಇಪ್ಪತ್ತು ಸಾವಿರ ಜನ ಸೇರುವರೆಂದು ಯಾರಾದರೂ ನುಡಿದಿದ್ದರೆ ನಕ್ಕುಬಿಡುತ್ತಿದ್ದೆವು. ಕಾಲಿಟ್ಟ ಮೊದಲ ಋತುವಿನಲ್ಲಿಯೇ ಆಶ್ಲಿ ವೆಸ್ಟ್‌ವುಡ್‌ರ ಕೈಯಲ್ಲಿ ಐ-ಲೀಗ್ ಗೆದ್ದದ್ದು, 2016ರಲ್ಲಿ ಮಲೇಷ್ಯದ ಜೊಹೊರ್ ತಂಡವನ್ನು ನಮ್ಮ ಕಣ್ಣೆದುರಿನಲ್ಲಿಯೇ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾದದ್ದು, 2019ರಲ್ಲಿ ರಾಹುಲ್ ಭೆಕೆಯ ಹೆಡರಿನಿಂದ ಐಎಸ್‌ಎಲ್ ಪ್ರಶಸ್ತಿ ಕೈಸೇರಿದ್ದು, ಇವೆಲ್ಲ ಹಣವೊಂದರಿಂದಲೇ ಆಗುವ ಕೆಲಸಗಳಲ್ಲ. ಬಳ್ಳಾರಿಯ ಕಬ್ಬಿಣದ ನೆಲದಿಂದ ಸಂಪತ್ತನ್ನು ಎತ್ತಿದ ಉದ್ಯಮ ಅದೇ ನೆಲದಲ್ಲಿ ಬಾಲಕರ ಅಕಾಡೆಮಿಯನ್ನು ನಡೆಸಿತೆಂಬುದನ್ನೂ ನಾನು ಮೆಚ್ಚಿಕೊಂಡೇ ಹೇಳುತ್ತೇನೆ. ಅದೇ ಸಮೂಹಕ್ಕೆ ಹರಿಯಾಣದ ಹೆಸರಿನ ಕಬಡ್ಡಿ ತಂಡವೂ, ದಿಲ್ಲಿಯ ಕ್ರಿಕೆಟ್ ತಂಡದಲ್ಲಿ ಪಾಲೂ ಉಂಟು. ಅವರಿಗೆ ನಾವು ಹಲವರಲ್ಲಿ ಒಬ್ಬರು, ನಮಗೆ ಈ ತಂಡ ಒಂದೇ.

ಈ ಊರಿನ ಫುಟ್‌ಬಾಲು 2013ರಲ್ಲಿ ಹುಟ್ಟಿದ್ದೂ ಅಲ್ಲ. ರೋವರ್ಸ್ ಕಪ್ಪನ್ನು ಆಂಗ್ಲ ಪಲ್ಟನ್ನುಗಳ ಕೈಯಿಂದ ಬಿಡಿಸಿಕೊಂಡ ಮೊದಲ ಭಾರತೀಯ ತಂಡ 1937ರ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಪರ ಆಡಿದವರು. ಅಹಮದ್ ಖಾನ್ ಇಲ್ಲಿ ಹುಟ್ಟಿ ಬೆಳೆದು ಕೋಲ್ಕತ್ತದ ಈಸ್ಟ್ ಬೆಂಗಾಲಿನಲ್ಲಿ ಪಂಚಪಾಂಡವರೆನಿಸಿದ ಐವರು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದರು. ಮೆಲ್ಬರ್ನ್ ಒಲಿಂಪಿಕ್ಸಿಗೆ ಹೋದ ಕೆಂಪಯ್ಯನವರೂ ಮೋಹನ್ ಬಾಗಾನಿನ ಕಡೆಗೇ ನಡೆದರು. ಪ್ರತಿಭೆ ಇಲ್ಲಿಯದು, ಕ್ಲಬ್ಬು ಅಲ್ಲಿಯದು. ಕಾರಣವೇನೆಂದರೆ ಕೋಲ್ಕತ್ತದಲ್ಲಿ ಸದಸ್ಯರ ಚಂದಾ, ಡೇರೆ, ಮೈದಾನ, ವೈರ ಎಲ್ಲವೂ ಕೂಡಿ ಬೆಳೆದ ಸಂಘಗಳಿದ್ದವು. ನಮ್ಮಲ್ಲಿ ಇದ್ದದ್ದು ಬಹುಮಟ್ಟಿಗೆ ಎಚ್‌ಎಎಲ್, ಐಟಿಐಗಳಂಥ ಕಾರ್ಖಾನೆಗಳ ತಂಡಗಳು, ಮತ್ತು ಕಾರ್ಖಾನೆಯ ಆಡಳಿತಕ್ಕೆ ಆಸಕ್ತಿ ತಗ್ಗಿದೊಡನೆ ಅವುಗಳ ತೇಜಸ್ಸೂ ತಗ್ಗಿತು. ಹಿಂದೆ ಸರ್ಕಾರಿ ಉದ್ಯಮ ಮಾಡಿದುದನ್ನು ಈಗ ಖಾಸಗಿ ಉದ್ಯಮ ಹೆಚ್ಚು ಅಚ್ಚುಕಟ್ಟಾಗಿ ಮಾಡುತ್ತಿದೆಯೆಂಬುದಷ್ಟೇ ವ್ಯತ್ಯಾಸವಾದರೆ, ಅಂತ್ಯವಾದರೂ ಬೇರೆಯಾಗುವುದೆಂದು ನಂಬುವುದು ಹೇಗೆ?

ಇದು ಬರಿಯ ಭೀತಿಯಲ್ಲ. 2019ರಲ್ಲಿ ಪುಣೆಯ ತಂಡ ಮುಚ್ಚಿ ಲೀಗಿನಲ್ಲಿ ಅದರ ಸ್ಥಾನ ಹೈದರಾಬಾದಿಗೆ ಹೋಯಿತು. ಅದೇ ವರ್ಷ ದಿಲ್ಲಿಯ ಡೈನಮೋಸ್ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೊರಟು ಒಡಿಶಾ ಎಫ್‌ಸಿಯಾಯಿತು. 2021-22ರಲ್ಲಿ ಚಾಂಪಿಯನ್ನಾಗಿ ಮೆರೆದ ಹೈದರಾಬಾದು ನಾಲ್ಕೇ ವರ್ಷದೊಳಗೆ ದಿಲ್ಲಿಯ ಹೆಸರು ಹೊತ್ತು ಅತ್ತ ಸಾಗಿತು. ಚಾರ್ಮಿನಾರಿನ ಊರಿನ ಹುಡುಗ ತನ್ನ ಹಳದಿ ಅಂಗಿಯನ್ನು ಈಗ ಏನು ಮಾಡಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ಗೋಣಿಚೀಲದ ಅಕ್ಕಿಯಂತೆ ಊರಿಂದೂರಿಗೆ ಸಾಗಿಸಬಹುದಾದ ಪದಾರ್ಥ ಕ್ಲಬ್ಬೆಂದು ಭಾವಿಸುವ ವ್ಯವಸ್ಥೆಯಲ್ಲಿ ಬೆಂಗಳೂರು ಈವರೆಗೆ ಉಳಿದಿರುವುದಕ್ಕೆ ಒಡೆಯರ ಸಜ್ಜನಿಕೆ ಕಾರಣವೇ ಹೊರತು ನಿಯಮವಲ್ಲ.

ಜರ್ಮನಿಯಲ್ಲಿ, ಕೆಲವು ಅಪವಾದಗಳನ್ನುಳಿದು, ಕ್ಲಬ್ಬಿನ ಮತಗಳಲ್ಲಿ ಬಹುಪಾಲು ಸದಸ್ಯರ ಕೈಯಲ್ಲಿಯೇ ಇರತಕ್ಕದ್ದೆಂಬ ನಿಯಮವಿದೆ. ಅದನ್ನು ಹಾಗೆಯೇ ಇಲ್ಲಿಗೆ ತರುವುದು ಸಾಧ್ಯವೆಂದು ನಾನು ಹೇಳಲಾರೆ. ವರ್ಷ ವರ್ಷವೂ ಕೋಟಿಗಟ್ಟಲೆ ನಷ್ಟವನ್ನು ಹೊರುವವನಿಗೆ ಮತವಿಲ್ಲವೆಂದರೆ ಹೊರುವವನೇ ಸಿಗಲಾರನು. ಆದರೆ ಊರು ಬಿಡುವುದು, ಹೆಸರು ಬದಲಾಯಿಸುವುದು, ನೀಲಿ ಬಣ್ಣವನ್ನು ಕೈಬಿಡುವುದು, ಈ ಮೂರರಲ್ಲಿಯಾದರೂ ಸೀಸನ್ ಟಿಕೆಟ್ ಕೊಂಡವರ ಸಮ್ಮತಿ ಅವಶ್ಯವೆಂದು ಬರವಣಿಗೆಯಲ್ಲಿ ಕೊಡುವುದಕ್ಕೆ ಹಣವೇನೂ ಬೇಕಾಗಿಲ್ಲ. ಮೈದಾನದ ಮಾತು ಇನ್ನೂ ಕಷ್ಟದ್ದು. ಕಂಠೀರವ ಸರ್ಕಾರದ್ದು, ಮೂಲತಃ ಓಟಗಾರರದ್ದು. ಟ್ರ್ಯಾಕಿನಾಚೆ ದೂರದಲ್ಲಿ ಆಡುವ ಹನ್ನೊಂದು ಮಂದಿಯನ್ನು ಪಶ್ಚಿಮ ಸ್ಟ್ಯಾಂಡಿನಿಂದ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ ಇಷ್ಟು ವರ್ಷ ಗಂಟಲು ಹರಿಯುವಂತೆ ಕೂಗಿ ಹತ್ತಿರಕ್ಕೆ ಎಳೆದುಕೊಂಡದ್ದೇ ಒಂದು ಸಾಹಸ. ಫುಟ್‌ಬಾಲಿನಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯೆಂಬ ಓಟಗಾರರ ದೂರು ನ್ಯಾಯವಾದದ್ದು, ನಮ್ಮ ಅಗತ್ಯವೂ ನ್ಯಾಯವಾದದ್ದು. ಇಬ್ಬರನ್ನೂ ಒಂದೇ ಅಂಗಳದಲ್ಲಿ ಜಗಳಕ್ಕೆ ಬಿಟ್ಟಿರುವುದು ಮಾತ್ರ ನ್ಯಾಯವಲ್ಲ. ಹದಿನೈದು ಸಾವಿರ ಜನ ಕೂರುವ, ಫುಟ್‌ಬಾಲಿಗೇ ಮೀಸಲಾದ ಮೈದಾನವೊಂದಕ್ಕೆ ಸರ್ಕಾರ ದೀರ್ಘಾವಧಿ ಗುತ್ತಿಗೆಯ ಮೇಲೆ ನಗರದಂಚಿನಲ್ಲಿ ಜಾಗ ಕೊಟ್ಟು, ಕಟ್ಟುವ ಹೊಣೆಯನ್ನು ಒಡೆಯರು ಹೊತ್ತು, ಆ ಗುತ್ತಿಗೆ ತಂಡ ಬೆಂಗಳೂರಿನಲ್ಲಿರುವವರೆಗೆ ಮಾತ್ರ ಸಿಂಧುವೆಂದು ಕರಾರಿನಲ್ಲಿ ಬರೆಸಿದರೆ, ಮುಂದಿನ ಯಾವುದೇ ಒಪ್ಪಂದದ ಚರ್ಚೆ ನಡೆಯುವಾಗ ನಮ್ಮ ಆಟಗಾರರ ಸಂಬಳದ ಬಗ್ಗೆ ನಮಗೆ ಆತಂಕ ಉಳಿದೀತಾದರೂ, ತಂಡವೇ ಒಂದು ದಿನ ಊರು ಬಿಟ್ಟೀತೆಂಬ ಆತಂಕ ಉಳಿಯಲಾರದು.