ವೇಗದ ಮೋಟಾರುಗಳ ಗುಣಪರೀಕ್ಷೆ

ನಮ್ಮ ಶಾಲೆಯ ಚರ್ಚಾಕೂಟದಲ್ಲಿ ಈ ವರ್ಷ ಹತ್ತನೆಯ ತರಗತಿಯ ಬಾಲಿಕೆಯರು ತಾವಾಗಿಯೇ ಆರಿಸಿಕೊಂಡ ವಿಷಯವೊಂದು ಉಪಾಧ್ಯಾಯಿನಿಯರಲ್ಲಿ ಕೆಲವರಿಗೆ ಅಚ್ಚರಿಯನ್ನುಂಟುಮಾಡಿತು. ಅತಿವೇಗದ ಕಾರುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ನಿರ್ಣಯಿಸುವ ಬಗೆ ಹೇಗೆ ಎಂಬುದೇ ಆ ವಿಷಯ. ಇದು ಗಂಡುಹುಡುಗರ ಹರಟೆಯೆಂದು ಒಬ್ಬರು ಮೂಗು ಮುರಿದರು. ನನಗೆ ಹಾಗೆ ತೋರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಇಂದು ತಾವೇ ಕಾರು ನಡೆಸುತ್ತಾರೆ. ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ವರ್ಷ ಮಗನಿಗೆ ಎಂಥ ಕಾರು ಕೊಡಿಸಲಿ ಎಂದು ಪೋಷಕ ಮಹಾಶಯರು ನನ್ನನ್ನೇ ಕೇಳಿದ್ದುಂಟು. ಮಗಳಿಗೆ ಎಂದು ಕೇಳಿದವರು ಇನ್ನೂ ವಿರಳ.

ಚರ್ಚೆಯಲ್ಲಿ ಒಂದು ಪಕ್ಷದವರು ಅಶ್ವಶಕ್ತಿಯನ್ನು ಹಿಡಿದರು. ಎದುರು ಪಕ್ಷದವರು ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರಿನ ವೇಗಕ್ಕೆ ಏರಲು ಬೇಕಾಗುವ ಸೆಕೆಂಡುಗಳನ್ನು ಹಿಡಿದರು. ಅಶ್ವಶಕ್ತಿಯೆಂಬ ಅಳತೆಯನ್ನು ಬಳಕೆಗೆ ತಂದ ಜೇಮ್ಸ್ ವಾಟನ ಉದ್ದೇಶವು ಸರಳವಾದುದು: ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸವನ್ನು ಮಾಡುವುದೆಂದು ಕೊಳ್ಳುವವನಿಗೆ ತಿಳಿಸುವುದು. ಕೆಲಸ ಇಂಥದೆಂದು ಮೊದಲೇ ಗೊತ್ತಿದ್ದುದರಿಂದ ಆ ಹೋಲಿಕೆಗೆ ಅರ್ಥವಿತ್ತು. ಕಾರಿನ ವಿಷಯದಲ್ಲಿ ಅದರ ತೂಕವನ್ನು ಬಿಟ್ಟು ಅಶ್ವಶಕ್ತಿಯನ್ನು ಹೇಳಿದರೆ ಏನೂ ತಿಳಿಯದು. 2000 ಕಿಲೋಗ್ರಾಂ ತೂಕದ ಕಾರಿಗೆ 200 ಅಶ್ವಶಕ್ತಿ, 1000 ಕಿಲೋಗ್ರಾಂ ತೂಕದ ಕಾರಿಗೆ 150 ಇದ್ದರೆ, ಎರಡನೆಯದೇ ಹಗುರವಾಗಿ ಮುಂದಕ್ಕೆ ನೆಗೆಯುವುದು. ಸೆಕೆಂಡುಗಳ ಲೆಕ್ಕವೂ ಅಷ್ಟೆ. ಒಬ್ಬನೇ ಕುಳಿತು, ಒಣಗಿದ ಸಮತಟ್ಟಾದ ಹಾದಿಯಲ್ಲಿ, ಹೊಸ ಟೈರಿನ ಮೇಲೆ, ನುರಿತ ಚಾಲಕನು ಪಡೆದ ಅಂಕಿಯು, ಐದು ಮಂದಿಯನ್ನೂ ಒಂದು ಮೂಟೆ ಅಕ್ಕಿಯನ್ನೂ ಹೊತ್ತು ಆಷಾಢದ ಮಳೆಯಲ್ಲಿ ಪಿರಿಯಾಪಟ್ಟಣದಿಂದ ಕೊಡಗಿನ ಕಡೆಗೆ ಹೋಗುವವನಿಗೆ ಯಾವ ಪ್ರಯೋಜನಕ್ಕೆ ಬರುವುದು?

ವೇಗವನ್ನು ಅಳೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹುಣಸೂರು ಅಮೃತಮಹಲಿನ ಮುಖ್ಯಸ್ಥಾನವಾಗಿದ್ದುದನ್ನು ನಮ್ಮ ಮಕ್ಕಳಲ್ಲಿ ಅನೇಕರು ಅರಿಯರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಟಿಪ್ಪು ಸುಲ್ತಾನನು ಇಟ್ಟ ಹೆಸರೇ ಅಮೃತಮಹಲ್. 1781ರಲ್ಲಿ ಹೈದರಲಿಯು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ ಎಂದು ಚರಿತ್ರಕಾರರು ಬರೆದಿದ್ದಾರೆ. ಒಂದು ಎತ್ತು ಒಂದು ಫರ್ಲಾಂಗನ್ನು ಎಷ್ಟು ಬೇಗ ಓಡಿತೆಂದು ಅವರು ಬರೆಯಲಿಲ್ಲ. ಎಳೆದ ಭಾರ, ಸಾಗಿದ ದೂರ, ತೆಗೆದುಕೊಂಡ ದಿನ, ಈ ಮೂರನ್ನೂ ಕೂಡಿಸಿಯೇ ಹೊಗಳಿದರು. ಇದೇ ಮಂದೆಗಳನ್ನು ಖರ್ಚಿನ ಲೆಕ್ಕವೊಂದರಿಂದಲೇ ಅಳೆದ ಮದ್ರಾಸು ಸರ್ಕಾರವು 1860ರಲ್ಲಿ ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ, 1866ರಲ್ಲಿ, ಪುನಃ ಕಟ್ಟಬೇಕಾಯಿತು. ಇಂದಿಗೂ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ರೈತನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಸುಳಿಯ ಮಾತನ್ನು ನಾನು ಒಪ್ಪೆನು. ಉಳಿದವುಗಳಲ್ಲಿ ಆತನ ವಿವೇಕವು ಕಾರು ಕೊಳ್ಳುವವರಿಗೂ ಬರಲಿ ಎಂದು ಹಾರೈಸುತ್ತೇನೆ.

ಮೋಟಾರುಗಳ ಮೊಟ್ಟಮೊದಲ ಸ್ಪರ್ಧೆಯ ತೀರ್ಪುಗಾರರಿಗೂ ಇಂಥ ವಿವೇಕವಿತ್ತು. 1894ರ ಜುಲೈ ತಿಂಗಳಲ್ಲಿ ಪ್ಯಾರಿಸಿನ ಪತ್ರಿಕೆಯೊಂದು ಆ ನಗರದಿಂದ ರೂಆನ್ ಪಟ್ಟಣದವರೆಗೆ ಕುದುರೆಯಿಲ್ಲದ ಬಂಡಿಗಳ ಪರೀಕ್ಷೆಯನ್ನು ಏರ್ಪಡಿಸಿತು. ಎಲ್ಲರಿಗಿಂತ ಮೊದಲು ಊರು ಮುಟ್ಟಿದ್ದು ಕೌಂಟ್ ಡಿ ಡಿಯೋನನ ಉಗಿಬಂಡಿ. ಆದರೆ ಮೊದಲ ಬಹುಮಾನವನ್ನು ಪೆಜೋ ಮತ್ತು ಪನ್‌ಹಾರ್ ಕಂಪನಿಗಳ ಪೆಟ್ರೋಲು ಬಂಡಿಗಳಿಗೆ ಹಂಚಿದರು. ಬಂಡಿಯು ಅಪಾಯವಿಲ್ಲದ್ದಾಗಿರಬೇಕು, ನಡೆಸಲು ಸುಲಭವಾಗಿರಬೇಕು, ಖರ್ಚು ಕಡಮೆಯಿರಬೇಕು ಎಂಬುದು ಅಲ್ಲಿನ ನಿಬಂಧನೆ. ಉಗಿಬಂಡಿಗಾದರೋ ಬೆಂಕಿಯೂಡಲು ಬೇರೊಬ್ಬ ಆಳು ಬೇಕಾಗಿತ್ತು. ಈಗಿನ ಪತ್ರಿಕೆಗಳ ಪಟ್ಟಿಗಳಲ್ಲಾದರೆ ಕೌಂಟನೇ ಗೆದ್ದಿರುತ್ತಿದ್ದನು. ಶಾಲೆಗಳನ್ನು ತೇರ್ಗಡೆಯಾದವರ ಶೇಕಡಾ ಅಂಕಿಯಿಂದಲೇ ಸಾಲಾಗಿ ನಿಲ್ಲಿಸುವವರೂ ಇದೇ ಪತ್ರಿಕೆಗಳವರಲ್ಲವೆ? ಅದಿರಲಿ.

ನನ್ನ ಮುಖ್ಯವಾದ ಆಕ್ಷೇಪಣೆ ಬೇರೆ. ಓಡುವುದನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೂ ಅಳೆಯುವವರು ನಿಲ್ಲುವುದನ್ನು ಪುಟದ ಕೊನೆಯ ಸಾಲಿಗೆ ತಳ್ಳುತ್ತಾರೆ. ಗಂಟೆಗೆ 100 ಕಿಲೋಮೀಟರಿನ ವೇಗದಲ್ಲಿರುವ ಕಾರು, ಚಾಲಕನು ಎದುರಿನದನ್ನು ಕಂಡು ಬ್ರೇಕನ್ನು ಒತ್ತಬೇಕೆನ್ನುವ ಒಂದು ಸೆಕೆಂಡಿನಲ್ಲಿಯೇ ಸುಮಾರು 28 ಮೀಟರು ಸಾಗಿರುತ್ತದೆ. ವೇಗವು ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವು ನಾಲ್ಮಡಿಯಾಗುತ್ತದೆ. ನೆಲ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಆರಂಭವಾಗಿ, ಕಾರನ್ನು ಗಂಟೆಗೆ 64 ಕಿಲೋಮೀಟರಿನ ವೇಗದಲ್ಲಿ ಎದುರಿಗೆ ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರಗಳನ್ನು ಕೊಡುತ್ತಿರುವುದು ಸಂತೋಷದ ಸಂಗತಿ. ಕೊಳ್ಳುವವರು ಅದನ್ನು ಅವಶ್ಯವಾಗಿ ಕೇಳಬೇಕು. ಆದರೆ ಆ ನಕ್ಷತ್ರಗಳು ಮುಖ್ಯವಾಗಿ ಕಾರಿನ ಒಳಗೆ ಕುಳಿತವರನ್ನು ಕುರಿತವು.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಮಡಿಕೇರಿಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ನಿಂತು ನೋಡಿರಿ. ಚೀಲ ಹೊತ್ತ ಬಾಲಿಕೆಯರು, ಹಾಲಿನ ಕ್ಯಾನು ಹಿಡಿದವರು, ಸೊಪ್ಪಿನ ಹೊರೆಯ ಟ್ರಾಕ್ಟರು, ದನಕರುಗಳು. ಹೆಗ್ಗಡದೇವನಕೋಟೆಯಿಂದಾಚೆಯ ಕಾಡಿನ ದಾರಿಯಲ್ಲಿ ಆನೆ, ಜಿಂಕೆಗಳೂ ದಾಟುವುವು. ಯಾವ ಹೋಲಿಕೆಯ ಪಟ್ಟಿಯಲ್ಲಿ ಇವರಿಗೆ ಒಂದು ಅಂಕಣವಿದೆ?

ಆದುದರಿಂದ ಮುಂದಿನ ಸಲ ಈ ಚರ್ಚೆ ನಡೆಯುವಾಗ ಒಂದೇ ಹಾದಿ, ಒಂದೇ ದಿನ, ಒಂದೇ ಭಾರ, ಒಬ್ಬನೇ ಚಾಲಕ ಎಂಬ ನಿಬಂಧನೆಯನ್ನು ಮೊದಲೇ ಹಾಕಿಕೊಳ್ಳಬೇಕೆಂದೂ, ನಿಲ್ಲುವ ದೂರವನ್ನು ಒದ್ದೆನೆಲದ ಮೇಲೆ ಅಳೆದು ಪಟ್ಟಿಯ ಮೊದಲ ಅಂಕಣದಲ್ಲಿ ಬರೆಯಬೇಕೆಂದೂ ಬಾಲಿಕೆಯರಿಗೆ ಹೇಳಿದ್ದೇನೆ. ಕಾರು ಕೊಳ್ಳಲಿರುವ ಪೋಷಕರು ಅಂಗಡಿಯವರು ತೋರಿಸುವ ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸಿ ನೋಡಿ ಬಾರದೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಮ್ಮ ಊರಿನ ರಸ್ತೆಯಲ್ಲೇ ಒಮ್ಮೆ ನಡೆಸಿ, ಒಮ್ಮೆ ನಿಲ್ಲಿಸಿ ನೋಡಬೇಕೆಂದು ಬೇಡುತ್ತೇನೆ. ಚಕ್ರವನ್ನು ಹಿಡಿಯಲು ಮಗಳಿಗೂ ಅವಕಾಶವನ್ನು ಕೊಡಿರಿ.